ಮಲೆನಾಡ ಮನೆಯ ಬೇಸಿಗೆ: ಕೈತೋಟ, ಹಪ್ಪಳ, ನೆಂಟರು, ತಿರುಗಾಟ – ಒಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಎರಡನೆಯ ವಾರ ಶಾಲೆಗೆ ರಜೆ ಬಿದ್ದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಮನೆಗಳಲ್ಲಿ ಹಲಸಿನ ಹಪ್ಪಳ, ತರಕಾರಿ ಮಡಿ, ಬೆಂಗಳೂರಿನ ಮೊಮ್ಮಕ್ಕಳು, ಮುಂಬೈಯ ಅತ್ತಿಗೆ, ಮದುವೆ ಮುಂಜಿ, ಬನವಾಸಿ ಯಾಣದ ತಿರುಗಾಟ ಎಲ್ಲವೂ ಈ ಏಳು ವಾರಗಳಲ್ಲೇ ನುಗ್ಗುತ್ತವೆ. ಮನೆಯ ಹೆಂಗಸರು ಮೇ ತಿಂಗಳು ಮುಗಿಯುವಷ್ಟರಲ್ಲಿ ಸೋತು ಸುಣ್ಣವಾಗುವುದು ಕೆಲಸ ಹೆಚ್ಚಾದ ಕಾರಣಕ್ಕಿಂತ, ಕೆಲಸದ ದಿನಗಳು ಒಂದರ ಮೇಲೊಂದು ಬಿದ್ದ ಕಾರಣಕ್ಕೆ. ರೈಲಿನ ಟಿಕೆಟ್ ಸಿಕ್ಕ ದಿನ ನೋಡಿ ಎಲ್ಲವನ್ನೂ ನಿಶ್ಚಯಿಸಿದರೆ ಹೀಗೆಯೇ ಆಗುತ್ತದೆ. ಬಾವಿ, ಬಿಸಿಲು, ಮರ ಈ ಮೂರನ್ನು ಮೊದಲು ಕೇಳಿ, ನೆಂಟರ ದಿನವನ್ನು ಆಮೇಲೆ ಗೊತ್ತು ಮಾಡುವುದು ಸರಿಯಾದ ಕ್ರಮ. ಕೆಳಗಿನ ಹೆಜ್ಜೆಗಳು ಅದೇ ಕ್ರಮದಲ್ಲಿವೆ.

ಮೊದಲು ಬಾವಿಯನ್ನು ಅಳೆಯಿರಿ

ಮಾರ್ಚ್ ಮೊದಲ ವಾರದಲ್ಲೇ ಒಂದು ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಬಾವಿಗೆ ಇಳಿಸಿ. ರಾತ್ರಿ ಪಂಪ್ ನಿಲ್ಲಿಸಿದ ಮೇಲೆ ಒಮ್ಮೆ, ಬೆಳಗ್ಗೆ ನೀರೆತ್ತುವ ಮೊದಲು ಒಮ್ಮೆ ಅಳೆಯಿರಿ. ಇವೆರಡರ ವ್ಯತ್ಯಾಸವೇ ರಾತ್ರಿಯಲ್ಲಿ ಊರಿದ ಒರತೆ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 950 ಲೀಟರ್. ಸ್ನಾನ, ಬಟ್ಟೆ, ಪಾತ್ರೆ, ಅಡುಗೆ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 100 ಲೀಟರ್ ಹಿಡಿಯಿರಿ. ತರಕಾರಿ ಮಡಿಗೆ ಚದರ ಮೀಟರಿಗೆ ಐದು ಲೀಟರ್ ಬೇಕು.

ಐದು ಜನರ ಮನೆಗೆ ಎಂಟು ನೆಂಟರು ಬಂದರೆ 1,300 ಲೀಟರ್; ನಲವತ್ತು ಚದರ ಮೀಟರಿನ ಕೈತೋಟಕ್ಕೆ 200 ಲೀಟರ್. ಅಂದರೆ ದಿನಕ್ಕೆ ಒಂದೂವರೆ ಅಡಿಗಿಂತ ಸ್ವಲ್ಪ ಹೆಚ್ಚು ನೀರು ಬಾವಿಯಲ್ಲಿ ತುಂಬಬೇಕು. ಏಪ್ರಿಲ್ ಕೊನೆಗೆ ಅಷ್ಟು ತುಂಬದಿದ್ದರೆ ನೆಂಟರನ್ನು ಎರಡು ತಂಡಗಳಾಗಿ ಬರಹೇಳಿ. ಇದನ್ನು ಹೇಳಲು ಸಂಕೋಚ ಬೇಡ. ಮನೆ ತುಂಬ ಜನ ಕರೆದು, ಮೂರನೆಯ ದಿನ ಬಚ್ಚಲಿನ ಹಂಡೆಗೆ ನೀರಿಲ್ಲ ಎನ್ನುವುದಕ್ಕಿಂತ ಮಾರ್ಚ್‌ನಲ್ಲೇ ಫೋನ್ ಮಾಡಿ ಹೇಳುವುದು ಎಷ್ಟೋ ಮೇಲು.

ಕೈತೋಟ: ಬೇಸಿಗೆಯಲ್ಲಿ ತಗ್ಗು ಮಡಿ

ಮಳೆಗಾಲದಲ್ಲಿ ಏರು ಮಡಿ, ಬೇಸಿಗೆಯಲ್ಲಿ ತಗ್ಗು ಮಡಿ. ನೆಲಮಟ್ಟಕ್ಕಿಂತ ನಾಲ್ಕು ಬೆರಳು ಆಳಕ್ಕೆ ಮಡಿ ತೆಗೆದು, ಹಟ್ಟಿ ಗೊಬ್ಬರ ಬೆರೆಸಿ, ಮಣ್ಣು ಸಮ ಮಾಡಿ. ಕೊಟ್ಟ ನೀರು ಹರಿದು ಹೋಗದೆ ಬೇರಿನಲ್ಲೇ ಇಂಗುತ್ತದೆ. ಬೀಜ ಮೊಳೆತು ಗೇಣುದ್ದವಾದ ಮೇಲೆ ದರಕನ್ನು, ಅಂದರೆ ಮರದಿಂದ ಉದುರಿದ ಒಣ ಎಲೆಯನ್ನು, ಮೂರು ಬೆರಳು ದಪ್ಪಕ್ಕೆ ಹೊದಿಸಿ. ಅಡಿಕೆ ತೋಟವಿದ್ದವರಿಗೆ ಸೋಗೆ ಕೈಗೆಟುಕುವಂತಿರುತ್ತದೆ, ಕೊಚ್ಚಿ ಹಾಸಿದರಾಯಿತು. ಹೊದಿಕೆಯಿಲ್ಲದ ಮಡಿಗೆ ದಿನವೂ ನೀರು ಬೇಕು, ಹೊದಿಸಿದ ಮಡಿ ಒಂದು ದಿನ ಬಿಟ್ಟು ಒಂದು ದಿನ ಕೊಟ್ಟರೂ ತಡೆಯುತ್ತದೆ. ನೀರುಣಿಸುವುದು ಬಿಸಿಲೇರುವ ಮುನ್ನ ಅಥವಾ ಸಂಜೆ ಐದರ ನಂತರ.

ಏನು ಬಿತ್ತಬೇಕು? ರಜೆಯಲ್ಲಿ ಕೊಯ್ಯಲು ಸಿಗುವಂಥದ್ದು. ಹರಿವೆ 25 ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಒಂದೇ ಸಲ ಎಲ್ಲ ಮಡಿಗೂ ಬಿತ್ತದೆ ಹತ್ತು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಮೇ ಕೊನೆಯವರೆಗೂ ಎಳೆ ಸೊಪ್ಪು ಸಿಗುತ್ತದೆ. ಬೆಂಡೆಗೆ 45 ರಿಂದ 50 ದಿನ ಬೇಕು, ಆದ್ದರಿಂದ ಮಾರ್ಚ್ ಮೊದಲ ವಾರವೇ ಬೀಜ ಊರಬೇಕು. ಬಸಳೆಯ ಗಂಟಿರುವ ಬಳ್ಳಿ ತುಂಡನ್ನು ಬಚ್ಚಲ ನೀರು ಹರಿಯುವ ಜಾಗದ ಹತ್ತಿರ ನೆಟ್ಟರೆ ಅದು ತನ್ನ ಪಾಡಿಗೆ ಚಪ್ಪರ ಏರುತ್ತದೆ. ಸೌತೆ, ಹೀರೆ, ಅಲಸಂದೆ ಇರಲಿ. ಹಾಗಲ ಹಾಕಿದವರು ಕಾಯಿ ಬೆರಳುದ್ದ ಇರುವಾಗಲೇ ಹಳೆಯ ಪತ್ರಿಕೆಯ ಕೊಳವೆ ಮಾಡಿ ತೊಡಿಸಿ. ಹಣ್ಣುನೊಣ ಮೊಟ್ಟೆಯಿಡುವುದನ್ನು ತಡೆಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಬೆಂಡೆ ಎಲೆಯ ನರ ಹಳದಿಯಾದರೆ ಅದು ಬಿಳಿನೊಣ ತರುವ ನಂಜಾಣು ರೋಗ. ಅಂಥ ಗಿಡವನ್ನು ಕಿತ್ತು ದೂರ ಎಸೆಯಿರಿ, ಮದ್ದು ಹೊಡೆಯುತ್ತ ಕೂರಬೇಡಿ. ಉಳಿದ ಗಿಡಗಳಿಗೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಎರಡು ಹನಿ ಸಾಬೂನು ನೀರು ಬೆರೆಸಿ ಸಂಜೆ ಸಿಂಪಡಿಸಿ.

ನಾಲ್ಕು ದಿನ ಮನೆ ಬಿಟ್ಟು ಮದುವೆಗೆ ಹೋಗಬೇಕೆಂದಿದ್ದರೆ ಬಳ್ಳಿಗಳ ನಡುವೆ ಸುಣ್ಣ ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡಿ. ಮಡಕೆಯ ಗೋಡೆಯಿಂದ ನೀರು ಜಿನುಗಿ ಸುತ್ತಲಿನ ಬೇರುಗಳಿಗೆ ಸಿಗುತ್ತದೆ.

ಜೀವಾಮೃತವನ್ನು ಕೈತೋಟದ ಅಳತೆಗೆ ಮಾಡುವುದೂ ಕಷ್ಟವಲ್ಲ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಹಸಿ ಸಗಣಿ, ಅರ್ಧ ಲೀಟರ್ ಗೋಮೂತ್ರ, ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಕಡಲೆ ಹಿಟ್ಟು, ಮರದಡಿಯ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ಬೆಳಗ್ಗೆ ಸಂಜೆ ಕೋಲಿನಿಂದ ತಿರುಗಿಸಿ. ಎರಡು ದಿನದ ಮೇಲೆ ಹತ್ತು ಪಾಲು ನೀರಿನಲ್ಲಿ ಬೆರೆಸಿ ಬುಡಕ್ಕೆ ಕೊಡಿ, ವಾರದೊಳಗೆ ಮುಗಿಸಿ.

ರಜೆಗೆ ಮೊದಲೇ ಮಿಡಿ

ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ಯಾರ ರಜೆಗೂ ಕಾಯುವುದಿಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ ಒಳಗಿನ ಓಟೆ (ಗೊರಟು) ಗಟ್ಟಿಯಾಗುವ ಮುನ್ನ ಕೊಯ್ಯಬೇಕು. ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆ ಎಂದು ಒಂದೊಂದು ಮರಕ್ಕೂ ಒಂದೊಂದು ಪರಿಮಳ. ಈ ಮಾವಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದಿರುವುದು ಸೊನೆಯ ಬಲದಿಂದ. ಆದ್ದರಿಂದ ತೊಟ್ಟು ಸಮೇತ ಕೊಯ್ದು, ನೆಲಕ್ಕೆ ಬೀಳದಂತೆ ಬಲೆಯಲ್ಲಿ ಇಳಿಸಿದ ಮಿಡಿಯನ್ನೇ ತನ್ನಿ. ಅರ್ಧ ಬೆರಳಷ್ಟು ತೊಟ್ಟು ಉಳಿಸಿ ಕತ್ತರಿಸಿ, ತೊಳೆದು, ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಆರಿಸಿ.

ಒಂದು ಕಿಲೋ ಮಿಡಿಗೆ ಕಾಲು ಕಿಲೋ ಹರಳುಪ್ಪು. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು ಎಂದು ತುಂಬಿ, ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಿ. ಹತ್ತು ಹದಿನೈದು ದಿನಗಳಲ್ಲಿ ಮಿಡಿ ಚಿರುಟಿ ಉಪ್ಪುನೀರು ಬಿಟ್ಟಿರುತ್ತದೆ. ಆ ನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ. ಬ್ಯಾಡಗಿ ಮೆಣಸು, ಸಾಸಿವೆ, ಸ್ವಲ್ಪ ಅರಿಸಿನವನ್ನು ಅದೇ ನೀರಿನಲ್ಲಿ ನುಣ್ಣಗೆ ಅರೆದು ಮಿಡಿಗೆ ಬೆರೆಸಿ. ಬೇರೆ ನೀರು ಒಂದು ಹನಿಯೂ ಸೋಕಬಾರದು. ಮಿಡಿ ರಸದಲ್ಲಿ ಮುಳುಗಿರಲಿ, ಒಂದು ತಿಂಗಳು ಮುಟ್ಟಬೇಡಿ. ಮಾರ್ಚ್‌ನಲ್ಲಿ ಹಾಕಿದ್ದು ಮೇ ತಿಂಗಳ ನೆಂಟರ ಎಲೆಗೆ ಬರುತ್ತದೆ.

ಹಲಸಿನ ಹಪ್ಪಳ: ಬೇಸಿಗೆಯ ದೊಡ್ಡ ಕೆಲಸ

ಇದಕ್ಕೆ ಕೈ ಬೇಕು, ಹೆಚ್ಚು ಕೈ ಬೇಕು. ಆದ್ದರಿಂದ ನೆಂಟರು ಬರುವ ವಾರಕ್ಕೇ ಹಪ್ಪಳ ಇಟ್ಟುಕೊಳ್ಳಿ. ಆದರೆ ಒಂದು ಷರತ್ತು: ಮಳೆ ಮೋಡ ಮಧ್ಯಾಹ್ನ ಕಟ್ಟಲು ತೊಡಗುವ ಮೊದಲು, ಅಂದರೆ ಏಪ್ರಿಲ್ ಮೂರನೆಯ ವಾರದೊಳಗೆ ಸಿಂಹಪಾಲು ಮುಗಿದಿರಬೇಕು. ಮೇ ತಿಂಗಳ ಹಪ್ಪಳಕ್ಕೆ ದಿನವೂ ಗುಡುಗಿನ ಭಯ.

ಕಾಯಿಯ ಆಯ್ಕೆಯಲ್ಲೇ ಅರ್ಧ ಗೆಲುವು. ಬಲಿತಿರಬೇಕು, ಹಣ್ಣಾಗಿರಬಾರದು. ಮುಳ್ಳು ಅಗಲವಾಗಿ ಹರಡಿ ಮೊಂಡಾಗಿರಬೇಕು; ಬಡಿದರೆ ಟೊಳ್ಳು ದನಿ ಬರಬೇಕು, ಆದರೆ ಪರಿಮಳ ಇನ್ನೂ ಬಂದಿರಬಾರದು. ಬಿಡಿಸಿದಾಗ ತೊಳೆ ಬಿಳಿಯಿಂದ ತೆಳು ಹಳದಿಗೆ ತಿರುಗುತ್ತಿದ್ದು, ಮುರಿದರೆ ಕಟ್ಟೆಂದು ಮುರಿಯಬೇಕು. ಬಗ್ಗಿದರೆ ಅದು ಹಣ್ಣಿನ ದಾರಿ ಹಿಡಿದಿದೆ. ಅಂಥದ್ದರಲ್ಲಿ ಮಾಡಿದ ಹಪ್ಪಳ ಸಿಹಿಯಾಗಿ, ಕರಿದಾಗ ಕೆಂಪಗೆ ಹೊತ್ತುತ್ತದೆ. ಕತ್ತಿಗೂ ಅಂಗೈಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕುಳಿತರೆ ಮೇಣ ಅಂಟುವುದಿಲ್ಲ.

ಹಿಂದಿನ ದಿನ ಸಂಜೆಯೇ ತೊಳೆ ಬಿಡಿಸಿ, ಬೇಳೆ (ಹಲಸಿನ ಬೀಜ) ತೆಗೆದು ಇಡಿ. ಮರುದಿನ ನಸುಕಿನಲ್ಲಿ ಹಬೆಗಿಡಿ. ತೊಳೆಗೆ ನೀರು ತಾಗಬಾರದು, ಇಪ್ಪತ್ತೈದು ನಿಮಿಷದ ಹಬೆ ಸಾಕು. ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ನೀರೂರಿರಬಾರದು. ಬಿಸಿಯಿರುವಾಗಲೇ ಒರಳಿಗೆ ಹಾಕಿ ಒನಕೆಯಿಂದ ಕುಟ್ಟಬೇಕು. ತಣ್ಣಗಾದರೆ ನಾರು ಬಿಡುವುದಿಲ್ಲ. ಕಿಲೋ ತೊಳೆಗೆ ಎರಡು ಚಮಚ ಉಪ್ಪು, ಆರೆಂಟು ಒಣಮೆಣಸು, ಒಂದು ಚಮಚ ಜೀರಿಗೆ. ಇವನ್ನು ಮೊದಲೇ ತರಿಯಾಗಿ ಕುಟ್ಟಿಟ್ಟುಕೊಂಡು ಕೊನೆಗೆ ಸೇರಿಸಿ. ರುಚಿ ನೋಡುವಾಗ ಉಪ್ಪು ಕಡಿಮೆ ಎನಿಸಲಿ, ಒಣಗಿದ ಮೇಲೆ ಅದೇ ಸರಿಹೋಗುತ್ತದೆ. ಮಿಕ್ಸಿಯಲ್ಲಿ ರುಬ್ಬುವವರಿದ್ದಾರೆ. ಆಗುತ್ತದೆ, ಆದರೆ ಕುಟ್ಟಿದ ಹಿಟ್ಟಿನ ಹಪ್ಪಳದ ಗರಿ ಅದಕ್ಕೆ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹದ ನೋಡುವುದು ಹೀಗೆ: ನಿಂಬೆ ಗಾತ್ರದ ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ. ಅಂಚು ಬಿರಿದರೆ ಇನ್ನೂ ಹತ್ತು ಪೆಟ್ಟು ಕುಟ್ಟಬೇಕು. ಅಂಚು ದುಂಡಗೆ ನಿಂತರೆ ಮಣೆಗೆ ಹೋಗಬಹುದು. ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಉಂಡೆಯಿಟ್ಟು, ಒತ್ತುಮಣೆಯನ್ನು ಒಂದೇ ಹದದಲ್ಲಿ ಅದುಮಿ. ನಡು ದಪ್ಪ, ಅಂಚು ತೆಳುವಾದರೆ ಕರಿಯುವಾಗ ಅಂಚು ಕರಿದು ನಡು ಹಸಿಯಾಗಿ ಉಳಿಯುತ್ತದೆ. ಹಿಟ್ಟು ಕುಟ್ಟುವುದು ಗಟ್ಟಿ ತೋಳಿನವರಿಗೆ, ಉಂಡೆ ಮಕ್ಕಳಿಗೆ, ಒತ್ತುವುದು ಅನುಭವಸ್ಥರಿಗೆ, ಚಾಪೆಗೆ ಹಾಸುವುದು ಚುರುಕು ಕಾಲಿನವರಿಗೆ. ಹಿಟ್ಟಿನ ಉಂಡೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಹಾಗೆಯೇ ತಿನ್ನುವ ಸುಖವನ್ನು ಮಕ್ಕಳಿಗೆ ತಪ್ಪಿಸಬೇಡಿ. ಅದಕ್ಕೆಂದೇ ಒಂದಿಷ್ಟು ಹಿಟ್ಟು ಹೆಚ್ಚು ಮಾಡಿ.

ಬೆಳಗಿನ ಒಂಬತ್ತರೊಳಗೆ ಚಾಪೆ ತುಂಬಿರಬೇಕು. ಮೇಲ್ಮೈ ಅಂಟು ಬಿಟ್ಟ ಮೇಲೆ, ಮೂರ್ನಾಲ್ಕು ಗಂಟೆಗೆ, ಒಂದೊಂದಾಗಿ ಎಬ್ಬಿಸಿ ಮಗುಚಿ ಹಾಕಿ. ಮಗುಚಲು ತಡವಾದರೆ ಅಂಚು ಮೇಲೆದ್ದು ಕೊಡೆಯಾಗುತ್ತದೆ. ಕಾಗೆ, ಕೋಳಿ, ದನ ಕಾಯಲು ಕೋಲು ಹಿಡಿದ ಹುಡುಗರನ್ನು ಪಾಳಿಯಲ್ಲಿ ಕೂರಿಸಿ. ಸಂಜೆ ಇಬ್ಬನಿಗೆ ಮೊದಲು ಒಳಗೆ ತನ್ನಿ. ಇಂಥ ಎರಡು ಮೂರು ಒಳ್ಳೆಯ ಬಿಸಿಲು ಬೇಕು. ಮುರಿದಾಗ ಟಕ್ಕೆಂದರೆ ಒಣಗಿದೆ ಎಂದರ್ಥ. ನಡುವೆ ಮೋಡ ಬಂದರೆ ರಾಶಿ ಹಾಕಲೇಬೇಡಿ. ಒಂದೇ ಪದರವಾಗಿ ಒಳಗೆ ಹರವಿ ಫ್ಯಾನ್ ಹಾಕಿ, ಅಥವಾ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ.

ತೆಗೆದಿಟ್ಟ ಬೇಳೆಗಳನ್ನು ಎಸೆಯದೆ ನೆರಳಿನಲ್ಲಿ ಆರಿಸಿ, ಕೆಮ್ಮಣ್ಣಿನಲ್ಲಿ ಹೊರಳಿಸಿ ಬುಟ್ಟಿಯಲ್ಲಿಡಿ. ಜುಲೈ ತಿಂಗಳ ಸಾರಿಗೆ ಅದೇ ಆಧಾರ.

ನೆಂಟರು: ಕೈಗೆ ಕೆಲಸ, ಹೊಟ್ಟೆಗೆ ತಂಪು

ಬಂದವರಿಗೆ ಮೊದಲು ಕೈಕಾಲಿಗೆ ನೀರು, ಆಮೇಲೆ ‘ಆಸರಿಗೆ ಏನು?’ (ಕುಡಿಯಲು ಏನು ಕೊಡಲಿ?) ಎಂಬ ಮಾತು. ಬಸ್ಸಿನಲ್ಲಿ ಬಂದವರಿಗೆ ಕಾಫಿಗಿಂತ ಮುರುಗಲು (ಕೋಕಂ) ಹಣ್ಣಿನ ಪಾನಕ ಹಿತ. ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣು ಸಿಕ್ಕ ಕೂಡಲೇ ಸಿಪ್ಪೆ ಬಿಡಿಸಿ, ತೂಕಕ್ಕೆ ಎರಡರಷ್ಟು ಸಕ್ಕರೆ ಪದರ ಪದರವಾಗಿ ಹಾಕಿ ಗಾಜಿನ ಭರಣಿಯಲ್ಲಿ ವಾರವಿಟ್ಟರೆ ಕಡುಗೆಂಪು ರಸ ಬಿಡುತ್ತದೆ. ಸೋಸಿಟ್ಟುಕೊಂಡರೆ ಲೋಟಕ್ಕೆ ಎರಡು ಚಮಚ ರಸ, ತಣ್ಣೀರು, ಚಿಟಿಕೆ ಉಪ್ಪು, ಚಿಟಿಕೆ ಜೀರಿಗೆ ಪುಡಿ ಸಾಕು.

ಊಟದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನೆಂಟರು ಬಂದರೆಂದು ದಿನವೂ ಹೋಳಿಗೆ ಪಾಯಸ ಮಾಡಬೇಡಿ. ಬೇಸಿಗೆಯ ಮಧ್ಯಾಹ್ನಕ್ಕೆ ಅನ್ನ, ಒಂದೆಲಗದ ತಂಬುಳಿ, ಹರಿವೆ ಪಲ್ಯ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ, ಮಜ್ಜಿಗೆ ಇದ್ದರೆ ಅದು ಹಬ್ಬದೂಟವೇ. ಪೇಟೆಯಿಂದ ಬಂದವರು ಹಂಬಲಿಸುವುದೂ ಇದಕ್ಕೇ. ಜೊತೆಗೆ ಅಪ್ಪೆಹುಳಿ ಇರಲಿ: ಎರಡು ಹುಳಿ ಮಾವಿನಕಾಯಿಯನ್ನು ಇಡಿಯಾಗಿ ಬೇಯಿಸಿ, ಆರಿದ ಮೇಲೆ ತಿರುಳು ಹಿಸುಕಿ, ಆರು ಲೋಟ ನೀರು, ಉಪ್ಪು, ಸ್ವಲ್ಪ ಬೆಲ್ಲ ಸೇರಿಸಿ, ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ ಕೊಡಿ. ಕುದಿಸುವ ಅಗತ್ಯವಿಲ್ಲ, ಲೋಟದಲ್ಲಿ ಹಾಕಿ ಕುಡಿಯುವಂತಿರಬೇಕು. ಇದನ್ನು ಉಂಡವರಿಗೆ ಜಗಲಿಯಲ್ಲಿ ಒಳ್ಳೆಯ ನಿದ್ದೆ ಖಂಡಿತ.

ಬಂದ ಮರುದಿನದಿಂದ ಪ್ರತಿಯೊಬ್ಬರಿಗೂ ಒಂದು ಖಾಯಂ ಕೆಲಸ ವಹಿಸಿ. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಮಡಿ. ಅದರ ನೀರು, ಕಳೆ, ಕೊಯ್ಲು ಎಲ್ಲ ಅವರದೇ. ತಾವೇ ಕೊಯ್ದ ಬೆಂಡೆಯನ್ನು ತಟ್ಟೆಯಲ್ಲಿ ಬಿಡುವ ಮಗು ಕಡಿಮೆ. ಗಂಡಸರಿಗೆ ಹಲಸು ಇಳಿಸುವುದು, ಕತ್ತರಿಸುವುದು, ಪಾತ್ರೆ ತೊಳೆಯುವುದು. ಅಡುಗೆಮನೆಯ ಹೆಂಗಸರಿಗೆ ವಾರಕ್ಕೊಂದು ದಿನ ಪೂರ್ತಿ ಬಿಡುವು ಕೊಡಲೇಬೇಕು. ಅಂದು ಅವಲಕ್ಕಿ, ಮಜ್ಜಿಗೆ, ಹಣ್ಣು; ಅದನ್ನೂ ಬೇರೆಯವರೇ ಬಡಿಸಲಿ. ದರಕಿನ ರಾಶಿ, ಸೌದೆ ಕೊಟ್ಟಿಗೆಯ ಕಡೆಗೆ ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೋಗಬಾರದೆಂದು ಪೇಟೆ ಮಕ್ಕಳಿಗೆ ಮೊದಲ ದಿನವೇ ಹೇಳಿ, ಅಲ್ಲಿ ಹಾವು ತಂಪಿಗೆ ಮಲಗಿರುತ್ತದೆ.

ತಿರುಗಾಟ

ಹಪ್ಪಳ ಒಣಗುವ ದಿನ ಯಾರೂ ದೂರ ಹೋಗುವಂತಿಲ್ಲ. ಆದ್ದರಿಂದ ತಿರುಗಾಟವನ್ನು ಮೋಡ ಕಟ್ಟಿದ ದಿನಕ್ಕೋ ಹಪ್ಪಳ ಡಬ್ಬ ಸೇರಿದ ಮರುದಿನಕ್ಕೋ ಇಟ್ಟುಕೊಳ್ಳಿ.

ಬೇಸಿಗೆಗೆ ಹೇಳಿ ಮಾಡಿಸಿದ ಜಾಗ ಸಹಸ್ರಲಿಂಗ. ಶಿರಸಿಯಿಂದ ಸುಮಾರು 17 ಕಿಲೋಮೀಟರ್. ಶಾಲ್ಮಲಾ ನದಿಯ ನೀರು ಇಳಿದಾಗ ಮಾತ್ರ ಬಂಡೆಗಳ ಮೇಲೆ ಕೆತ್ತಿದ ಲಿಂಗ, ನಂದಿಗಳು ಸಾಲುಸಾಲಾಗಿ ಕಾಣುತ್ತವೆ. ಮಳೆಗಾಲದಲ್ಲಿ ಹೆಚ್ಚಿನವು ನೀರಿನಡಿ. ಸೋದೆಯ ಅರಸು ಸದಾಶಿವರಾಯನ ಕಾಲದವು ಇವು. ಬೆಳಗ್ಗೆ ಏಳಕ್ಕೆ ಅಲ್ಲಿರುವಂತೆ ಹೊರಟು, ಹತ್ತಕ್ಕೆ ಬಂಡೆ ಕಾಯುವ ಮುನ್ನ ವಾಪಸಾಗಿ. ಬನವಾಸಿ ಇನ್ನೊಂದು ದಿಕ್ಕಿಗೆ, ಸುಮಾರು 24 ಕಿಲೋಮೀಟರ್. ಕದಂಬರ ರಾಜಧಾನಿ, ವರದಾ ನದಿಯ ದಂಡೆ, ಮಧುಕೇಶ್ವರ ದೇವಾಲಯ. ಅಲ್ಲಿನ ಕಲ್ಲಿನ ಮಂಚವನ್ನು ಮಕ್ಕಳಿಗೆ ಹತ್ತಿರದಿಂದ ತೋರಿಸಿ. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರ್‌ನ ಮೋಹಿನಿ ಶಿಖರವಿದೆ. ಕಾಡಿನ ನೆರಳಿನ ದಾರಿ, ಆದರೆ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಗಾಢ ಪರಿಮಳದ ಎಣ್ಣೆ, ಅತ್ತರು ಹಚ್ಚಿ ಹೋಗಬೇಡಿ, ಹೊಗೆ ಎಬ್ಬಿಸಬೇಡಿ, ಕಲ್ಲೆಸೆಯಲು ಬಿಡಬೇಡಿ. ಜೋಗಕ್ಕೆ ಏಪ್ರಿಲ್ ಮೇ ತಿಂಗಳಲ್ಲಿ ಹೋದರೆ ಸಿಗುವುದು 253 ಮೀಟರ್ ಆಳದ ಕಲ್ಲಿನ ಗೋಡೆ ಮತ್ತು ಒಂದೆರಡು ನೀರಿನ ಎಳೆ. ಮಳೆಗಾಲದಲ್ಲಿ ಮತ್ತೆ ಬರಲು ಹೇಳಿ. ಕುಮಟಾ, ಗೋಕರ್ಣದ ಕಡಲಿಗೆ ಹೋಗುವುದಾದರೆ ಮೇ ಮಧ್ಯದೊಳಗೆ ಹೋಗಿ. ಆಮೇಲೆ ಅಲೆ ಒರಟಾಗುತ್ತದೆ, ನೀರಿಗಿಳಿಯುವುದು ಸಲ್ಲ.

ಕಾಡು ಹೊಕ್ಕುವ ಮೊದಲು ಮಂಗನ ಕಾಯಿಲೆಯ ಬಗ್ಗೆ ನೆಂಟರಿಗೆ ಹೇಳುವುದು ನಮ್ಮ ಕರ್ತವ್ಯ. 1957 ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣ್ಣೆ ಎಂಬ ರಕ್ತ ಹೀರುವ ಸಣ್ಣ ಹುಳ ಕಚ್ಚುವುದರಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಆರೋಗ್ಯ ಇಲಾಖೆ ಕೊಡುವ ಉಣ್ಣೆ ನಿವಾರಕ ಎಣ್ಣೆ, ದರಕಿನ ಮೇಲೆ ಕೂರದಿರುವುದು, ಬಂದ ಕೂಡಲೇ ಬಿಸಿನೀರಿನ ಸ್ನಾನ ಮತ್ತು ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು ಕಡ್ಡಾಯ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಮರಳಿದ ವಾರದೊಳಗೆ ಯಾರಿಗಾದರೂ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆವು’ ಎಂದು ವೈದ್ಯರಿಗೆ ಮೊದಲೇ ಹೇಳಬೇಕು. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯದಿರಬಹುದು.

ಮಳೆ ಹಿಡಿಯುವ ಮೊದಲು

‘ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ’ ಎನ್ನುತ್ತಾರೆ. ಏಪ್ರಿಲ್ ಕೊನೆಯ, ಭರಣಿ ನಕ್ಷತ್ರದ ಆ ಹದಮಳೆ ಸಿಕ್ಕರೆ ಶುಂಠಿ, ಕೆಸು, ಸುವರ್ಣಗಡ್ಡೆ ನೆಡಲು ಅದೇ ಹೊತ್ತು. ಮೇ ಕೊನೆಯ ರೋಹಿಣಿ ಮಳೆಯೊಳಗೆ ತಗ್ಗು ಮಡಿಗಳನ್ನು ಒಡೆದು, ಸುತ್ತಲ ಮಣ್ಣೆಳೆದು ಗೇಣೆತ್ತರದ ಏರು ಮಡಿ ಮಾಡಿ. ಮಳೆಗಾಲದ ಸೌತೆ, ಹೀರೆ, ಬೆಂಡೆಯ ಬೀಜವನ್ನು ಆಗಲೇ ಊರಿದರೆ ಮೃಗಶಿರಾ ಮಳೆ ಹಿಡಿಯುವಷ್ಟರಲ್ಲಿ ಸಸಿ ನಾಲ್ಕೆಲೆ ಬಿಟ್ಟು ಬೇರು ಊರಿಕೊಂಡಿರುತ್ತದೆ. ಬೇಸಿಗೆಯ ಬೆಳೆಯಲ್ಲಿ ಚೆನ್ನಾಗಿ ಕಾಯಿಬಿಟ್ಟ ಒಂದೆರಡು ಗಿಡವನ್ನು ಬೀಜಕ್ಕೆಂದು ಬಿಟ್ಟಿರಬೇಕು. ಸೌತೆಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಬೆಂಡೆಯನ್ನು ಕಾಯಿ ಸಮೇತ ಕಟ್ಟಿ ಅಡುಗೆಮನೆಯ ಹೊಗೆ ತಾಗುವಲ್ಲಿ ತೂಗುಹಾಕಿ.

ಹಪ್ಪಳಕ್ಕೆ ಮೇ ಮೂರನೆಯ ವಾರ ಕೊನೆಯದಾಗಿ ಒಂದು ಬಿಸಿಲು ತೋರಿಸಿ. ಪೂರ್ತಿ ಆರಿದ ಮೇಲೆ ಇಪ್ಪತ್ತೈದರ ಕಟ್ಟು ಕಟ್ಟಿ, ತಗಡಿನ ಡಬ್ಬಕ್ಕೆ ತುಂಬಿ, ಮುಚ್ಚಳದ ಸುತ್ತ ಬಟ್ಟೆ ಬಿಗಿಯಿರಿ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಸಲು ಹಿಡಿಯುತ್ತದೆ. ಒತ್ತಿಕೊಟ್ಟ ಕೈಗಳ ಪಾಲನ್ನು ಡಬ್ಬ ತುಂಬುವ ಮೊದಲೇ ತೆಗೆದು, ಹೆಸರು ಬರೆದಿಡಿ. ಜೊತೆಗೆ ಒಂದು ಸಣ್ಣ ಭರಣಿ ಮಿಡಿ, ಒಂದು ಶೀಸೆ ಮುರುಗಲು ರಸ, ಕಾಗದದ ಪೊಟ್ಟಣದಲ್ಲಿ ಹರಿವೆ ಬೀಜ. ಬಸ್ಸಿನಲ್ಲಿ ಹೋಗುವವರಿಗೆ ಮಿಡಿ ಭರಣಿಯ ಬಾಯಿಗೆ ಬಾಳೆಲೆ ಬಾಡಿಸಿ ಕಟ್ಟಿ, ಮೇಲೆ ಮುಚ್ಚಳ ಹಾಕಿದರೆ ರಸ ಸೋರುವುದಿಲ್ಲ.